ಕೆರೆಯದೆ ಉಳಿಸಬೇಕಾದ ಕೊಬ್ಬು

ಬಸವೇಶ್ವರನಗರ
ಭಾನುವಾರ

ಪ್ರೀತಿಯ ಚೈತ್ರಾ,

ಬುಧವಾರ ನಿನ್ನ ಅಂಗರಚನಾ ವಿಭಾಗದವರು ಬಂದು ನಿನ್ನ ಮೇಷ್ಟ್ರ, ನಮ್ಮ ಯಜಮಾನರ ದೇಹವನ್ನು ತೆಗೆದುಕೊಂಡು ಹೋದರು. ಫೋನಿನಲ್ಲಿ ಹೇಳಲು ಹೋದರೆ ಮಾತು ತಪ್ಪುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ವಿದ್ಯಾರ್ಥಿಗಳು ಅವರ ಹೃದಯವನ್ನು ಹೊರತೆಗೆದಾಗ ಹಿಂಭಾಗದ ಕೊಬ್ಬನ್ನು ಕೆರೆಯದಂತೆ ನೋಡಿಕೊ. ರಕ್ತನಾಳಗಳು ಚೆನ್ನಾಗಿ ಕಾಣಲೆಂದು ಅದನ್ನೇ ಮೊದಲು ತೆಗೆಯುತ್ತಾರಂತೆ. ನಿನಗೂ ಒಮ್ಮೆ ಅವರು ಬೈದಿದ್ದರಲ್ಲ, "ಕಸ ಅಂತ ಬಕೆಟ್ಟಿಗೆ ಹಾಕ್ತಿದೀಯಲ್ಲಮ್ಮ, ಹೃದಯದ ನರಕೋಶ ಇರೋದೇ ಅದರೊಳಗೆ!" ಎಂದು. ಅವತ್ತು ನೀನು ನಮ್ಮ ಮನೆಗೆ ಬಂದು ಅತ್ತಿದ್ದೆ. ನಾನು ಉಪ್ಪಿಟ್ಟು ಮಾಡಿದ್ದೆ.

ನಿವೃತ್ತಿಯಾದ ಮೇಲೂ ವಿಜಯನಗರದ ಮಟನ್ ಅಂಗಡಿಯಿಂದ ಕುರಿಯ ಗುಂಡಿಗೆ ತಂದು ನೋಡುತ್ತಿದ್ದರು. ಮೇಲಿನ ಕೋಣೆಗಳ ಹಿಂದೆ, ರಕ್ತನಾಳಗಳು ಒಳಸೇರುವ ಕಡೆ ಆ ನರಕೋಶಗಳು ಗುಂಪುಗುಂಪಾಗಿರುತ್ತವೆ, ಕೆಳಗೆ ಹೋದಂತೆ ವಿರಳ ಎನ್ನುತ್ತಿದ್ದರು. ಮನುಷ್ಯನ ಹೃದಯ ಮಾತ್ರ ಅವರ ಮೇಜಿಗೆ ಬರುವಷ್ಟರಲ್ಲಿ ಯಾರಾದರೂ ಕೆರೆದಿರುತ್ತಿದ್ದರು. ದೇಹದಾನಕ್ಕೆ ಸಹಿ ಹಾಕಿದ ದಿನ, "ನಂದಾದ್ರೂ ಕೆರೀದೆ ಉಳಿಸ್ತಾರೇನೋ ನೋಡೋಣ" ಎಂದು ನಕ್ಕರು.

ಅವರು ಕೊನೆಗೆ ತಂದ ಗುಂಡಿಗೆ ಇನ್ನೂ ಫ್ರಿಜ್ಜಿನಲ್ಲಿದೆ. ಯಾರನ್ನಾದರೂ ಕಳಿಸಿ ತರಿಸಿಕೊ. ಬಂದ ನೆಂಟರು "ಅಸ್ಥಿ ಎಲ್ಲಿ ಬಿಡ್ತೀರಿ?" ಎಂದು ಕೇಳುತ್ತಾರೆ. ನಾನು ಕಾಫಿ ಕೊಡುತ್ತೇನೆ. ಇನ್ನೂ ಅಳು ಬಂದಿಲ್ಲ.

ಅವರ ಹೃದಯದಲ್ಲಿ ಆ ನರಕೋಶಗಳು ಸಿಕ್ಕರೆ ಒಂದು ಸಲ ನನ್ನನ್ನು ಕರೆಸು. ಸೂಕ್ಷ್ಮದರ್ಶಕದಲ್ಲಿ ಅವನ್ನು ಗುರುತಿಸಲು ನನಗೆ ಬರುತ್ತದೆ. ಅವರೇ ಕಲಿಸಿದ್ದಾರೆ.

ನಿನ್ನ ಮೇಷ್ಟ್ರ ಮನೆಯಿಂದ,
ಪ್ರಮೀಳಾ