ಐಸ್ ಬರುವ ಮೊದಲೇ ಬರೆದಿಟ್ಟ ಸಮಯ

ಆಸ್ಪತ್ರೆಯ ಪ್ರಯೋಗಾಲಯದ ಮಾನ್ಯ ಮುಖ್ಯಸ್ಥರೇ,

ನನ್ನ ತಮ್ಮನ ರಕ್ತದ ಬಗ್ಗೆ ನೀವು ಕೊಟ್ಟ ವರದಿಯನ್ನು ನಾನು ನಂಬುವುದಿಲ್ಲ. ನಿಮ್ಮ ಕಚೇರಿಗೆ ಮೂರು ಸಲ ಬರೆದೆ, ಮೂರು ಸಲವೂ ‘ಪರಿಶೀಲಿಸಲಾಗಿದೆ’ ಎಂಬ ಒಂದೇ ಪದ ವಾಪಸ್ಸು ಬಂತು. ಆದ್ದರಿಂದ ಈಗ ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ.

ತಮ್ಮನಿಗೆ ರಕ್ತದ ಕ್ಯಾನ್ಸರ್. ಅವನಿಗೆ ಏರಿಸುವ ಔಷಧಿ ರಕ್ತದಲ್ಲಿ ಓಡಾಡಿಕೊಂಡಿದ್ದರೆ ಸಾಲದಂತೆ. ಅದು ಕ್ಯಾನ್ಸರ್ ಕೋಶದೊಳಕ್ಕೆ ಹೊಕ್ಕು, ಅಲ್ಲಿ ಬೇರೊಂದು ರೂಪಕ್ಕೆ ತಿರುಗಿದರೆ ಮಾತ್ರ ಕೆಲಸ ಮಾಡುತ್ತದೆ. ಆ ರೂಪ ಕೋಶದೊಳಗೆ ಎಷ್ಟಿದೆ ಎಂದು ಅಳೆಯುವುದು ನಿಮ್ಮ ಹೊಣೆ. ನೀವು ‘ಇಲ್ಲವೆನ್ನುವಷ್ಟು ಕಡಿಮೆ’ ಎಂದು ಬರೆದಿರಿ. ಅದನ್ನೇ ನಂಬಿ ಡಾಕ್ಟರು ಸೋಮವಾರದಿಂದ ಆ ಔಷಧಿ ನಿಲ್ಲಿಸುತ್ತಾರೆ. ಬದಲಿಗೆ ಕೊಡುವ ಔಷಧಿಯನ್ನು ಅವನ ಹೃದಯ ತಡೆಯುವುದು ಕಷ್ಟ ಎಂದೂ ಅವರೇ ಹೇಳಿದ್ದಾರೆ.

ರಕ್ತ ತೆಗೆದ ಕೂಡಲೇ ಕೊಳವೆಯನ್ನು ಐಸಿನಲ್ಲಿ ಇಡಬೇಕು, ಇಲ್ಲದಿದ್ದರೆ ಅಳೆಯಬೇಕಾದದ್ದೇ ನಾಶವಾಗುತ್ತದೆ ಎಂದು ನಿಮ್ಮದೇ ಗೋಡೆಯ ಮೇಲೆ ಅಂಟಿಸಿದ್ದೀರಿ. ವರದಿಯ ಪ್ರಕಾರ ರಕ್ತ ತೆಗೆದದ್ದು ಹತ್ತು ಗಂಟೆಗೆ, ಐಸಿಗೆ ಇಟ್ಟದ್ದು ಹತ್ತು ಗಂಟೆ ಎರಡು ನಿಮಿಷಕ್ಕೆ. ಎಂಥ ಚುರುಕು! ನಾನು ಎದುರಿನ ಬೆಂಚಿನ ಮೇಲೇ ಇದ್ದೆ. ಕೊಳವೆ ಕಿಟಕಿಯ ಬಳಿ ಬಿಸಿಲು ಕಾಯಿಸುತ್ತಾ ಮುಕ್ಕಾಲು ಗಂಟೆ ಆರಾಮಾಗಿ ಕೂತಿತ್ತು.

“ಏನಪ್ಪಾ, ಐಸ್ ಎಲ್ಲಿ?” ಎಂದು ಕೇಳಿದೆ.

“ಬರ್ತಾ ಇದೆ ಅಕ್ಕಾ. ಟೈಮ್ ಆಗ್ಲೇ ಬರ್ದಿಟ್ಟಿದೀನಿ, ನೀವ್ಯಾಕೆ ತಲೆ ಕೆಡಿಸ್ಕೋತೀರಾ?” ಎಂದ ನಿಮ್ಮ ತಂತ್ರಜ್ಞ.

ಅಲ್ಲೇ ನನ್ನ ತಲೆ ಕೆಟ್ಟದ್ದು. ನಾನು ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವವಳು. ಬೆಳಗಿನ ಗಡಿಬಿಡಿಯಲ್ಲಿ, ಮಾದರಿಗಳನ್ನು ಫ್ರಿಜ್ಜಿಗೆ ಇಡುವ ಸಮಯವನ್ನು ಇಡೀ ಹಾಳೆಗೆ ಮುಂಚೆಯೇ ತುಂಬಿಬಿಡುವ ಜಾಣತನ ನನಗೆ ಹೊಸದಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ನಾನೂ ಮಾಡಿದ್ದೇನೆ. ಹಾಲು ಕೆಟ್ಟರೆ ವಾಸನೆಯಾದರೂ ಬರುತ್ತದೆ. ನಿಮ್ಮ ಕೊಳವೆಯಲ್ಲಿ ಏನು ಬಂದೀತು? ಯಂತ್ರ ಸುಳ್ಳು ಹೇಳುವುದಿಲ್ಲ ಎನ್ನುತ್ತೀರಿ. ಒಪ್ಪಿದೆ. ಆದರೆ ಅದು ಅಳೆದದ್ದು ತಮ್ಮನ ಕೋಶವನ್ನೋ, ನಿಮ್ಮ ಕಿಟಕಿಯ ಬಿಸಿಲನ್ನೋ? ಅಂದು ಬಂದ ಉಳಿದ ರೋಗಿಗಳ ಹಾಳೆಯಲ್ಲೂ ಇದೇ ಎರಡು ನಿಮಿಷ ಇದೆಯೇ? ತೋರಿಸುವ ಧೈರ್ಯವಿದೆಯೇ?

“ಬಿಡಕ್ಕಾ, ಅವ್ರಿಗೆ ಗೊತ್ತಿರಲ್ವಾ?” ಎನ್ನುತ್ತಾನೆ ತಮ್ಮ. ಅವನು ನಿಮ್ಮನ್ನು ನಂಬಿದ್ದಾನೆ. ನನಗೆ ಭಯವಾಗುತ್ತಿದೆ.

ಭಾನುವಾರ ಈ ಔಷಧಿಯ ಕೊನೆಯ ಬಾಟಲಿ. ಆಮೇಲೆ ಅಳೆಯಲು ಅವನ ಕೋಶದೊಳಗೆ ಏನೂ ಉಳಿಯುವುದಿಲ್ಲ. ಆದ್ದರಿಂದ ಭಾನುವಾರವೇ, ನನ್ನ ಕಣ್ಣೆದುರೇ, ಮತ್ತೆ ರಕ್ತ ತೆಗೆಯಿರಿ. ಮೊದಲು ಐಸ್ ಬರಲಿ, ಆಮೇಲೆ ಸೂಜಿ, ಎಲ್ಲದರ ಕೊನೆಗೆ ಪೆನ್ನು. ಆಗಲೂ ‘ಇಲ್ಲ’ ಎಂದೇ ಬಂದರೆ ಹೀಗೇ ಬಹಿರಂಗವಾಗಿ ಕ್ಷಮೆ ಕೇಳುತ್ತೇನೆ. ಅಳುವುದನ್ನು ಮನೆಯಲ್ಲಿ ಅಳುತ್ತೇನೆ.

ಇಂತಿ,
ನಿಮ್ಮ ಕಡತದಲ್ಲಿ ‘ರೋಗಿಯ ಕಡೆಯವರು’ ಎಂದಷ್ಟೇ ಇರುವ,
ಈ ವಾರದಿಂದ ಗಡಿಯಾರ ನೋಡಿ ಸಮಯ ಬರೆಯಲು ಕಲಿತ
ಒಬ್ಬ ಅಕ್ಕ