ಬೆಂಕಿಯ ಚಿತ್ರದಲ್ಲಿ ಅಪ್ಪ

ಜೋರಾಪುರ ಪೇಟೆ, ವಿಜಯಪುರ

ಅಗ್ನಿಶಾಮಕ ಠಾಣಾಧಿಕಾರಿಗಳಿಗೆ ನಮಸ್ಕಾರ.

ಹತ್ತಿ ಗೋದಾಮಿಗೆ ಬೆಂಕಿ ಬಿದ್ದಾಗ ತೆಗೆದ ಹಳೆಯ ವಿಡಿಯೊ ಚಿತ್ರವನ್ನು ನೀವು ನಮ್ಮ ಶಾಲೆಯಲ್ಲಿ ತೋರಿಸಿದಿರಿ. ಅದರಲ್ಲಿ ನೀರಿನ ಪೈಪು ಹಿಡಿದು ಒಳಗೆ ಹೋಗಿ, ಮರಳಿ ಬಾರದವರು ನನ್ನ ತಂದೆ ಚನಮಲ್ಲಪ್ಪ. ಆಗ ನಾನಿನ್ನೂ ಹುಟ್ಟಿರಲಿಲ್ಲ. ಅವರು ನಡೆಯುವುದನ್ನು ಮೊದಲ ಸಲ ನೋಡಿದೆ.

ವಿಷಯ ತಿಳಿದು, ಆ ಚಿತ್ರವನ್ನು ಇನ್ನು ತೋರಿಸುವುದಿಲ್ಲ ಎಂದಿರಿ. ಅವ್ವನಿಗೆ ಹೇಳಿದೆ. ಅವಳು, "ತೋರಸ್ಲಿ ಬಿಡು. ಒಳಗಿದ್ದ ಹಮಾಲರನ್ನೆಲ್ಲಾ ನಿಮ್ಮಪ್ಪ ಹೊರಗ ಕಳಿಸಿದ ಮ್ಯಾಲೆ ಗ್ವಾಡಿ ಬಿತ್ತು. ಅದನ್ನೂ ಹುಡುಗ್ರಿಗೆ ಹೇಳ್ರಿ ಅನ್ನು" ಎಂದಳು.

ಮುಂದಿನ ಸಲ ಅವ್ವನೂ ಬರುತ್ತಾಳೆ. ಪರದೆಯ ಹತ್ತಿರ ಕುರ್ಚಿ ಹಾಕಿಸಿ. ಅಪ್ಪ ಬಾಗಿಲು ದಾಟುವ ಮುನ್ನ ಚಿತ್ರವನ್ನು ತುಸು ನಿಲ್ಲಿಸಿ. ಅವಳ ಕಣ್ಣು ಮಂಜಾಗಿದೆ, ಗುರುತು ಹಿಡಿಯಲು ಹೊತ್ತು ಬೇಕು.

ಇತಿ,
ವಿದ್ಯಾವತಿ, ಶಿಕ್ಷಕಿ