ನಿದ್ದೆ ಬಾರದವನಿಗೆ ಕಣದ ಕಾವಲು

12 ಜನವರಿ 1953, ಬೆಳಿಗ್ಗೆ

ಕಣದ ಕಾವಲು ಮುಗಿಸಿ ಬಂದೆ. ಕಾಫಿ ಒಣಗುತ್ತಿದೆ. ಕಳ್ಳರಿಲ್ಲ, ಹಂದಿಯೂ ಇಲ್ಲ. ಬಾಳೆಲೆ ಊರಿನ ಈ ಎಸ್ಟೇಟಿನಲ್ಲಿ ಹಗಲು ಹಾಜರಿ ಕರೆಯುವ ರೈಟರ್ ಆಗಿದ್ದವನು ಈಗ ರಾತ್ರಿ ಕಾವಲುಗಾರ! ಮಳೆಗಾಲಕ್ಕೆ ಮುಂಚೆ ನೆರಳಿನ ಮರದ ಕೊಂಬೆ ತಲೆಗೆ ಬಿತ್ತು. ಅಂದಿನಿಂದ ನಿದ್ದೆ ಹೋಯಿತು, ಹೆಸರುಗಳೂ ಹೋದವು. ಕಾಳಮ್ಮನನ್ನು ರಂಗಮ್ಮ ಎಂದು ಕರೆದರೆ ಕೂಲಿ ಲೈನ್ಸಿನವರೆಲ್ಲ ನಗುತ್ತಾರೆ. ಹೇಗೂ ನಿದ್ದೆ ಬರುವುದಿಲ್ಲವಲ್ಲ, ತಲೆ ಸರಿಹೋಗುವವರೆಗೆ ಕಣ ಕಾಯಲಿ ಎಂದರು ಸಾಹುಕಾರ ನಾಣಯ್ಯನವರು. ಪುಣ್ಯಾತ್ಮರು. ಲಿಂಗಮ್ಮ ಕೂಜಾ ತುಂಬ ಬೆಲ್ಲದ ಕಾಫಿ ಕೊಟ್ಟು ಕಳಿಸುತ್ತಾಳೆ. ಹೆಂಡತಿ ಅಂದರೆ ಹೀಗಿರಬೇಕು.

ತಲೆನೋವಿಗೆ ಗೋಣಿಕೊಪ್ಪಲಿನ ಸಂತೆಯ ಪಂಡಿತನ ಅಫೀಮು ಗುಳಿಗೆ. ಬೆಳಿಗ್ಗೆ ಒಂದು. ಈಚೆಗೆ ಸಾಯಂಕಾಲವೂ ಒಂದು...

20 ಜನವರಿ

ಗುಳಿಗೆ ಮುಗಿದಿತ್ತು. ಬಸ್ಸಿಗೆ ಕಾಯಲಾರದೆ ಗೋಣಿಕೊಪ್ಪಲಿಗೆ ನಡೆದೇ ಹೊರಟೆ. ಲಿಂಗಮ್ಮ ಅಡ್ಡ ನಿಂತಳು. ಕೂಜಾ ಎಸೆದೆ. ತಗುಲಲಿಲ್ಲ, ದೇವರು ದೊಡ್ಡವನು. ಅವಳು ಅಳಲಿಲ್ಲ.

"ಕೊಂಬೆ ಬಿದ್ರೂ ಉಳ್ಕಂಡ್ರಿ. ಈ ಮೆಣಸಿನಕಾಳಿನಂಥ ಗುಳಿಗೆಗೆ ನಿಮ್ಮನ್ನ ಬಿಟ್ಟುಕೊಡಕ್ಕಾಗಲ್ಲ."

ನಾಚಿಕೆಯಾಯಿತು.

23 ಜನವರಿ, ಮಧ್ಯಾಹ್ನ

ಅವಳೇ ಆಸ್ಪತ್ರೆಗೆ ಕರೆದೊಯ್ದಳು. ರಾತ್ರಿ ಏನು ಮಾಡುತ್ತೀರಿ ಎಂದು ಡಾಕ್ಟರು ಕೇಳಿದರು. ಹೇಳಿದೆ — ಕಾವಲು, ಕೂಜಾ, ಎಲ್ಲ. ಪೆನ್ನು ಕೆಳಗಿಟ್ಟರು.

"ತಲೆಗೆ ಏಟು ಬಿದ್ದೋರಿಗೆ ನಿದ್ದೆನೇ ಔಷಧಿ. ನಿದ್ದೆ ಕೆಟ್ಟಷ್ಟೂ ನೋವು, ನೋವಾದಷ್ಟೂ ಗುಳಿಗೆ ಬೇಕು ಅನ್ಸುತ್ತೆ. ಮೊದ್ಲು ಆ ಕಾವಲು ಬಿಡಿ."

ಗುಳಿಗೆ ಒಮ್ಮೆಗೇ ಬಿಡಬಾರದಂತೆ. ವಾರವಾರ ಅವರಿಗೆ ತೋರಿಸಿ ಸಣ್ಣದು ಮಾಡುತ್ತ ಬರಬೇಕಂತೆ. ಕಾಫಿ ಬೆಳಿಗ್ಗೆ ಮಾತ್ರ. ಕೊಡಗಿನಲ್ಲಿ! ಲಿಂಗಮ್ಮನ ಮುಖ ಬಾಡಿತು. ಪಾಪ, ಕೂಜಾ ಕಳಿಸಿದ್ದು ಪ್ರೀತಿಯಿಂದ. ಸಾಹುಕಾರರು ಕಾವಲು ಕೊಟ್ಟಿದ್ದೂ ಹಾಗೇ.

15 ಫೆಬ್ರವರಿ

ಇಷ್ಟು ದಿನ ಬರೆಯಲಾಗಲಿಲ್ಲ. ನಡುಕ, ಬೆವರು. ಅಡಕತ್ತರಿ ಹಿಡಿದು ಗುಳಿಗೆ ಕತ್ತರಿಸುವವಳು ಲಿಂಗಮ್ಮನೇ. ಚೂರು ಚಿಕ್ಕದಾಯಿತೆಂದು ಮಗುವಿನ ಹಾಗೆ ಜಗಳವಾಡಿದೆ. ಕಣಕ್ಕೆ ಈಗ ಕೂಲಿಯಾಳು ಗುಂಡನ ಕಾವಲು. ಅವನ ಗೊರಕೆ ಲೈನ್ಸಿಗೆಲ್ಲ ಕೇಳಿಸುತ್ತದಂತೆ. ಹೊಟ್ಟೆಕಿಚ್ಚು ನನಗೆ.

14 ಮಾರ್ಚ್, ಊಟವಾದ ಮೇಲೆ

ಕಾಫಿ ಅರಳಿಸುವ ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗೆ. ಈ ಪರಿಮಳಕ್ಕೆ ತಲೆ ಸಿಡಿಯಬೇಕಿತ್ತು. ಸಿಡಿಯಲಿಲ್ಲ. ಬೆಳಿಗ್ಗೆ ಹಾಜರಿ ನಾನೇ ಕರೆದೆ. ಕಾಳಮ್ಮ ಮತ್ತೆ ರಂಗಮ್ಮ ಆದಳು. "ಬುಡಿ ರೈಟ್ರೇ, ಎರಡೂ ನನ್ನ ಹೆಸ್ರೇ" ಅಂದಳು. ನಾನೂ ನಕ್ಕೆ.

ಜಗಲಿಯಲ್ಲಿ ಚಾಪೆ ಹಾಸಿ ಬರೆಯುತ್ತಿದ್ದೇನೆ. ಇವತ್ತಿನ ಚೂರು ತಗಂಡ್ರಾ ಎಂದು ಲಿಂಗಮ್ಮ ಒಳಗಿಂದ ಕೇಳುತ್ತಿದ್ದಾಳೆ. ಈಗ ಸಾಸಿವೆ ಕಾಳಿನಷ್ಟೇ ಅದು. ಊಟಕ್ಕೆ ಮುಂಚೆ ನುಂಗಬೇಕಿತ್ತು. ಬೆಂಕಿಪೊಟ್ಟಣದಲ್ಲಿ ಹಾಗೇ ಇದೆ. ಮರೆತೇಬಿಟ್ಟೆ... ನಾನು, ಅದನ್ನು ಮರೆತೆ! ಎದ್ದು ಹೇಳಬೇಕು ಅವಳಿಗೆ. ಅಕ್ಷರ ಓರೆಯಾಗುತ್ತಿದೆ, ರೆಪ್ಪೆ ಎತ್ತಲಾಗುತ್ತಿಲ್ಲ. ಇನ್ನು ಅಡಕತ್ತರಿ ಅಡಿಕೆಗೇ ಸಾಕು ಅಂತ ಹೇಳ